ಗೋಡೆ ದಾಟದ ತಂಪಿ

ಸಂಜೆ ಧಾರಾವಾಹಿಯ ಹೊತ್ತಿಗೆ ಆ ಬಾಡಿಗೆ ಮನೆಯ ಮೂವರೂ ಟೀವಿಯ ಮುಂದೆ ಸೇರುತ್ತಿದ್ದರು. ಟೈಲರ್ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಗುಂಡಿ ಹಾಕಬೇಕಾದ ಅಂಗಿಯೊಂದನ್ನು ಮಡಿಲಿಗೆಳೆದುಕೊಂಡು ಚಾಪೆಯ ಮೇಲೆ ಕೂರುತ್ತಿದ್ದಳು. ವ್ಯಾನ್ ಓಡಿಸುವ ಅಣ್ಣ ಕುರ್ಚಿ ಎಳೆದುಕೊಳ್ಳುತ್ತಿದ್ದ. ಹುಣ್ಣಿಮೆಯ ರಾತ್ರಿ ಅವನು ತೋಳ. ಮಿಕ್ಕ ದಿನಗಳಲ್ಲಿ ಎಲ್ಲರಂತೆ ಮನುಷ್ಯ. ತಂಪಿ ಮಾತ್ರ ಗಾಲಿ ತೊಟ್ಟಿಲಿನ ಪಕ್ಕ ನಿಲ್ಲುತ್ತಿದ್ದಳು. ಅವಳು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವಳು ನಿಂತಲ್ಲೆಲ್ಲ ಗಾಳಿ ತಣ್ಣಗಾಗುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಸೆಕೆಗೆ ಮೈತುಂಬ ಬೆವರುಸಾಲೆ ಎದ್ದಿದ್ದ ಅಕ್ಕನ ಕೂಸು ಅವಳು ತೂಗಿದರಷ್ಟೇ ಕಣ್ಣು ಮುಚ್ಚುತ್ತಿತ್ತು. ಬದುಕಿದ್ದಾಗಲೂ ಅವಳಿಗೆ ಇಷ್ಟು ಮನಸ್ಸಿಗೊಪ್ಪುವ ಕೆಲಸ ಸಿಕ್ಕಿರಲಿಲ್ಲ.

ಮನೆಗೊಂದು ಕಟ್ಟುಪಾಡಿತ್ತು. ಮಾಡಿದವಳೂ ತಂಪಿಯೇ. ಬಾಗಿಲು ಮುಚ್ಚಿದ್ದರೆ ಅವಳು ಚಮಚದಿಂದ ಸ್ಟೀಲ್ ಲೋಟ ಬಡಿಯಬೇಕು. ಒಳಗಿನವರು ‘ಬಾ’ ಅಂದರಷ್ಟೇ ಹೋಗಬೇಕು. ಗೋಡೆ ಅವಳಿಗೊಂದು ಲೆಕ್ಕವಲ್ಲ. ಹಾಗಂತ ಮರ್ಯಾದೆ ಬಿಡಲಾದೀತೇ?

ಧಾರಾವಾಹಿಯಲ್ಲೂ ಇಂಥದೇ ಮನೆ. ಒಬ್ಬ ತೋಳಮಾನವ, ಒಂದು ದೆವ್ವ, ಇಬ್ಬರು ಮನುಷ್ಯರು. ನಮ್ಮಂಥವರ ಕತೆ ಬಂತಲ್ಲ ಎಂದು ಮೊದಮೊದಲು ತಂಪಿ ಹಿಗ್ಗಿದ್ದಳು.

ಅಂದಿನ ಕಂತಿನಲ್ಲಿ ಚಂದ್ರ ಮೂಡಿದ, ತೋಳಮಾನವ ಅಂಗಿ ಪರಪರ ಹರಿದುಕೊಂಡ.

"ನೋಡ್ರಪ್ಪ ಇವನ ದೌಲತ್ತು!" ಅಣ್ಣ ನಕ್ಕ. "ನಾನು ಬಿಚ್ಚಿ ಮಡಿಸಿಟ್ಟು ಹೋಗ್ತೀನಿ. ಅಂಗಿ ಏನು ಮರದಲ್ಲಿ ಬಿಡುತ್ತಾ?"

ಆಮೇಲೆ ದೆವ್ವ ಬಂತು. ಕೂದಲು ಕೆದರಿಕೊಂಡು ಗೋಡೆಯೊಳಗಿಂದಲೇ ನುಗ್ಗಿ, ಮಲಗಿದ್ದ ಮಗುವನ್ನೆತ್ತಿ ಕಿಟಕಿಯಾಚೆ ಎಸೆಯಿತು.

"ಥೂ, ಮಾನಗೆಟ್ಟವಳು!" ತಂಪಿ ಕೂಗಿದಳು. "ಬಾಗಿಲು ಬಡೀದೆ ಯಾರಾದ್ರೂ ಒಳಗೆ ಬರ್ತಾರಾ? ಮಗೂನ ಯಾಕೆ ಎಸೀಬೇಕು, ಏನು ಮಾಡಿತ್ತು ಅದು? ಇದನ್ನ ಬರೆದವನು ಒಂದು ದೆವ್ವನಾದ್ರೂ ಮಾತಾಡ್ಸಿದ್ದಾನಾ?"

"ಬಿಡೇ ಮಾರಾಯ್ತಿ, ಕತೆ ಅದು."

"ಕತೆ ಅವರಿಗೆ ಅಣ್ಣ. ಹೆಸರು ಕೆಡೋದು ನಂದು."

ಅಕ್ಕನೂ ನಗುತ್ತಾಳೆಂದುಕೊಂಡು ತಂಪಿ ಅತ್ತ ತಿರುಗಿದಳು. ಅಕ್ಕನ ಸೂಜಿ ಗುಂಡಿಯಲ್ಲಿ ಅರ್ಧಕ್ಕೇ ನಿಂತಿತ್ತು. ಅವಳು ಟೀವಿ ನೋಡುತ್ತಿರಲಿಲ್ಲ. ತೊಟ್ಟಿಲ ಮೇಲಿದ್ದ ತಂಪಿಯ ಕೈ ನೋಡುತ್ತಿದ್ದಳು.

"ಇವತ್ತು ನಾನೇ ಮಲಗಿಸ್ಕೋತೀನಿ ಬಿಡು," ಎಂದು ಎದ್ದಳು. ತೊಟ್ಟಿಲನ್ನು ಕೋಣೆಗೆ ತಳ್ಳಿಕೊಂಡು ಹೋಗಿ ಚಿಲಕ ಹಾಕಿಕೊಂಡಳು.

ಆ ಚಿಲಕ ಯಾರಿಗೆಂದು ಹೇಳಬೇಕಾಗಿರಲಿಲ್ಲ. ಅದರಿಂದ ತಂಪಿಯನ್ನು ತಡೆಯಲಾಗದೆಂದು ಅಕ್ಕನಿಗೂ ಗೊತ್ತು. ಗೊತ್ತಿದ್ದೂ ಹಾಕಿದಳಲ್ಲ! ತಂಪಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಕೂಸು ಹುಟ್ಟಿದಾಗಿನಿಂದ ತೂಗಿದ ಕೈ ಇದು. ಯಾವಳೋ ಬಣ್ಣ ಬಳಿದುಕೊಂಡು ಕುಣಿದದ್ದಕ್ಕೆ ಇದರ ಮೇಲೆ ಅನುಮಾನವೇ?

ಒಳಗೆ ಕೂಸು ಅಳತೊಡಗಿತು. ಅಕ್ಕ ಲಾಲಿ ಹೇಳಿದಳು, ಬೀಸಣಿಗೆ ಬೀಸಿದಳು. ಅಳು ಏರುತ್ತಲೇ ಹೋಯಿತು.

"ಸುಮ್ನೆ ಒಳಗೆ ಹೋಗ್ಬಾರ್ದಾ?" ಅಣ್ಣ ಪಿಸುಗುಟ್ಟಿದ. "ನಿನಗೇನು ಚಿಲಕದ ಹಂಗಾ?"

"ಹೋದ್ರೆ ಆ ಟೀವಿಯವಳಿಗೂ ನನಗೂ ಏನು ವ್ಯತ್ಯಾಸ ಉಳೀತು?"

ಅಡುಗೆಮನೆಯಿಂದ ಲೋಟ, ಚಮಚ ತಂದಳು. ಟಿಣ್ ಟಿಣ್. ಕೂಸು ಬಿಕ್ಕಳಿಸಿ ಬಿಕ್ಕಳಿಸಿ ಉಸಿರು ಹಿಡಿಯುತ್ತಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಅವಳ ಕಾಲು ತಾನಾಗಿ ಗೋಡೆಯತ್ತ ಹೊರಟಿತು ಕೂಡ. ಹಿಂದಕ್ಕೆಳೆದುಕೊಂಡಳು. ಮತ್ತೆ ಬಡಿದಳು, ಚಮಚ ಬಾಗುವಷ್ಟು ಜೋರಾಗಿ.

ಚಿಲಕ ಸರಿಯಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೂದಲು ಬೆವರಿಗೆ ಹಣೆಗಂಟಿತ್ತು, ಕಣ್ಣು ನೆಲದ ಮೇಲಿತ್ತು.

"ಬಾ," ಅಂದಳು.

ತಂಪಿ ಅಲುಗಲಿಲ್ಲ. "ಮುಖ ನೋಡಿ ಕರಿ ಅಕ್ಕ."

"ನಿನ್ನ ಮುಖ ಪೂರ್ತಿ ಎಲ್ಲಿ ಕಾಣುತ್ತೆ?"

"ಕಂಡಷ್ಟನ್ನ ನೋಡು."

ಅಕ್ಕ ತಲೆಯೆತ್ತಿದಳು. "ತಪ್ಪಾಯ್ತು ಕಣೆ. ಆ ಮಗು ಬಿದ್ದಿದ್ದು ನೋಡಿ ಎದೆ ಝಲ್ ಅಂತು. ಬಾ ಒಳಗೆ, ನೀನೇ ತೂಗು."

ಪರವಾಗಿಲ್ಲ ಎಂಬ ಮಾತು ತಂಪಿಯ ಬಾಯಿಂದ ಬರಲಿಲ್ಲ. ನೋವಾಗಿತ್ತಲ್ಲ. ಲೋಟ, ಚಮಚ ಅಕ್ಕನ ಕೈಗೆ ಕೊಟ್ಟು ನೇರ ತೊಟ್ಟಿಲಿಗೆ ಹೋದಳು. ಕೂಸು ಬಿಕ್ಕುತ್ತಲೇ ಅವಳತ್ತ ಮುಖ ಹೊರಳಿಸಿತು. ನಾಲ್ಕು ಸಲ ತೂಗುವಷ್ಟರಲ್ಲಿ ಅದರ ಮುಷ್ಟಿ ಸಡಿಲವಾಯಿತು. ಅಕ್ಕ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ತೆರೆದಿಟ್ಟು, ಮತ್ತೆ ಮುಚ್ಚಿಕೊಳ್ಳದಂತೆ ಅದೇ ಲೋಟ ಅಡ್ಡ ಇಟ್ಟು, ಮಷೀನಿನ ಕಡೆ ನಡೆದಳು.

ಹೊರಗಿನಿಂದ ಅಣ್ಣ ಕೂಗಿದ, "ಲೇ ತಂಪಿ, ನಾಳಿನ ಕಂತಲ್ಲಿ ನೀನು ಒಂದು ಮುದುಕೀನ ನುಂಗ್ತೀಯಂತೆ!"

"ಆ ಟೀವೀನ ಮೊದಲು ಆರಿಸಣ್ಣ!" ಎಂದು ಅವಳು ಹಲ್ಲು ಕಚ್ಚಿ ಗದರಿದಳು, ಕೂಸು ಏಳದಷ್ಟು ಮೆಲ್ಲಗೆ.