ಗಲ್ಲಾ ರಾಣಿ

ಟಿಣ್.

ಸ್ವಲ್ಪ ಬಿಟ್ಟು ಮತ್ತೊಮ್ಮೆ, ಟಿಣ್. ಪುಟ್ಟಿ ಕಣ್ಣು ಬಿಟ್ಟಳು. ನಡುರಾತ್ರಿ ದಾಟಿತ್ತು. ಪಕ್ಕದಲ್ಲಿ ಗಂಡನ ಗೊರಕೆ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅವಳು ಅವನನ್ನು ಎಬ್ಬಿಸಲಿಲ್ಲ. ಅಪ್ಪ ಈ ಮನೆಗೆ ಬಂದಮೇಲೆ ಅವಳ ಕಿವಿ ನಿದ್ದೆಯಲ್ಲೂ ಕಾವಲು ಕಾಯುತ್ತಿತ್ತು.

ಅಡುಗೆಮನೆಯ ದೀಪ ಉರಿಯುತ್ತಿತ್ತು. ಮನೆಯಲ್ಲಿದ್ದ ಕಪ್ಪುಗಳೆಲ್ಲ, ನೆಂಟರಿಗೆಂದು ಎತ್ತಿಟ್ಟಿದ್ದ ಹೂವಿನ ಸೆಟ್ಟು, ಹಿಡಿ ಮುರಿದದ್ದು, ಗಂಡನ ಆಫೀಸಿನವರು ಕೊಟ್ಟ ದಪ್ಪನೆಯ ಮಗ್ಗು ಸಮೇತ ಊಟದ ಮೇಜಿನ ಮೇಲೆ ಬೋರಲಾಗಿ ಸಾಲುಗಟ್ಟಿದ್ದವು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಒಂದೊಂದನ್ನೇ ಎತ್ತಿ, ಅಂಚಿಗೆ ಚಮಚದಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಕೂದಲೆಳೆಯಷ್ಟು ಬಿರುಕಿದ್ದರೂ ಕಪ್ಪು ಟಿಣ್ ಅನ್ನುವುದಿಲ್ಲ, ಮೊಂಡಾಗಿ ಠಕ್ ಅನ್ನುತ್ತದೆ. ಅಂಥದ್ದನ್ನು ಗಿರಾಕಿಯ ಮುಂದೆ ಇಡಬಾರದು.

"ಅಪ್ಪ, ಬನ್ನಿ ಮಲ್ಕೊಳ್ಳಿ."

"ಮೂಲೆ ಟೇಬಲ್ ಒರೆಸಿದ್ಯಾ ರಾಣಿ?"

"ನಾನು ರಾಣಿ ಅಲ್ಲಪ್ಪ. ಪುಟ್ಟಿ."

"ಪುಟ್ಟಿ ಮಲಗಿದೆ. ಮೆಲ್ಲಗೆ ಮಾತಾಡು, ಎದ್ದುಬಿಟ್ಟೀತು."

"ಒರೆಸಿದೀನಿ" ಎಂದವಳೇ ಪುಟ್ಟಿ ಕಪ್ಪುಗಳನ್ನು ಎತ್ತಿಡತೊಡಗಿದಳು.

ರಾಣಿ ಎಂದರೆ ಅಕ್ಕ. ಗಲ್ಲಾ ರಾಣಿ ಎಂಬುದು ಅಪ್ಪನ ಹೋಟೆಲಿನ ಗಿರಾಕಿಗಳು ಇಟ್ಟ ಹೆಸರು. ಶಾಲೆ ಬಿಟ್ಟವಳೇ ಮನೆಗೂ ಬಾರದೆ ಹೋಟೆಲಿಗೆ ಓಡಿ, ಗಲ್ಲಾದ ಹಿಂದಿನ ಎತ್ತರದ ಸ್ಟೂಲನ್ನೇರಿ, ಕಾಲು ಅಲ್ಲಾಡಿಸುತ್ತ ಬಂದವರನ್ನೆಲ್ಲ ವಿಚಾರಿಸುತ್ತಿದ್ದಳಂತೆ. ಅಪ್ಪ ಒಂದೇ ತೋಳಿನ ಮೇಲೆ ಸಾಲಾಗಿ ಸಾಸರುಗಳನ್ನು ಜೋಡಿಸಿಕೊಂಡು ಟೇಬಲುಗಳ ನಡುವೆ ಕುಣಿದ ಹಾಗೆ ಓಡಾಡುತ್ತಿದ್ದರಂತೆ. ಕಾಲೇಜಿನ ಹುಡುಗರು ಅಪ್ಪನ ಜೋಕು ಕೇಳಲೆಂದೇ ಎರಡನೇ ಕಾಫಿ ಹೇಳುತ್ತಿದ್ದರಂತೆ.

ಪುಟ್ಟಿಗೆ ಇದೆಲ್ಲ ಬರೀ ಕೇಳಿದ ಮಾತು. ಅವಳಿಗೆ ಮೊದಲ ಹಲ್ಲು ಮೂಡುವ ಮುಂಚೆಯೇ ಹೋಟೆಲಿಗೆ ಬೀಗ ಬಿದ್ದಿತ್ತು. ಕಟ್ಟಡದವರು ಬಾಡಿಗೆ ಏರಿಸಿದರು, ಅಪ್ಪ ಕೈಚೆಲ್ಲಿದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. "ಇವಳು ಹುಟ್ಟಿದ್ಲು, ಹೋಟೆಲ್ ಮುಚ್ತು. ಏನ್ ಕಾಲ್ಗುಣ ನೋಡಿ!" ಎಂದು ಅಕ್ಕ ನೆಂಟರೆದುರು ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಪುಟ್ಟಿಯೂ ನಗುತ್ತಿದ್ದಳು.

ಅಕ್ಕನ ಪಾಲಿಗೆ ಬಂದದ್ದು ಆ ಕುಣಿಯುವ ಅಪ್ಪ. ತನ್ನ ಪಾಲಿಗೆ ಬಂದದ್ದು ಗೋದಾಮಿನ ಗುಮಾಸ್ತ. ಸಂಜೆ ಗಡಿಯಾರದ ಮುಳ್ಳಿನ ಹಾಗೆ ಟಿಫಿನ್ ಡಬ್ಬಿ ಹಿಡಿದು ಮನೆಗೆ ಬಂದು, ಕೈಕಾಲು ತೊಳೆದು, ಅವಳ ತಲೆ ಬಾಚಿ ಅಂಕುಡೊಂಕು ಜಡೆ ಹೆಣೆದು, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಮಾತು ಕಡಿಮೆಯ ಮನುಷ್ಯ. ಇಂಥ ಅಪ್ಪನ ಬಗ್ಗೆ ನೆಂಟರೆದುರು ಹೇಳಿಕೊಳ್ಳಲು ಏನಿತ್ತು?

ಭಾನುವಾರ ಅಕ್ಕ ಬಂದಳು. ಚಪ್ಪಲಿ ಬಿಡುತ್ತಲೇ ಶುರುಮಾಡಿದಳು. "ಅಪ್ಪಾ, ಮೀಸೆ ವಕೀಲರು ನೆನಪಿದಾರಾ?"

"ಯಾರು, ಮೀಸೆಗೆ ಕಾಫಿ ಕುಡಿಸ್ತಿದ್ದೋರಾ?" ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. "ಅರ್ಧ ಅವರಿಗೆ, ಅರ್ಧ ಮೀಸೆಗೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುಟ್ಟಿ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು. "ಅಪ್ಪ, ಮಾತ್ರೆ."

"ಇರಮ್ಮ, ಆಮೇಲೆ."

"ಊಟಕ್ಕೆ ಮುಂಚೆ ತಗೋಬೇಕು."

"ಏನೇ ನಿಂದು ಪೊಲೀಸ್ ಡ್ಯೂಟಿ?" ಅಕ್ಕ ಅಂದಳು. "ಒಂಚೂರು ನಗ್ಲಿ ಬಿಡು ಅವರು."

"ನಗಿಸಿ ನೀನು ಹೋಗ್ತೀಯ. ರಾತ್ರಿ ಕಪ್ ಜೋಡಿಸ್ತಾ ಕೂತಾಗ ಎದ್ದಿರೋಳು ನಾನು."

"ಹಾಗಾದ್ರೆ ನಮ್ಮನೆಗೆ ಕಳಿಸು. ನಾನೇನು ಬೇಡ ಅಂದಿದೀನಾ?"

ಪುಟ್ಟಿ ಮಾತ್ರೆಯನ್ನು ಅಪ್ಪನ ಅಂಗೈಗೆ ಹಾಕಿದಳು. ನಿದ್ದೆಗೆಟ್ಟು, ತಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಸೀಸೆಗೆ ಅಂಟಿಸಿದ ಚೀಟಿಯನ್ನು ಎರಡೆರಡು ಸಲ ನೋಡಿ ಆಕಳಿಸುತ್ತ ದಿನ ದೂಡಿಯಾಳು, ಅಪ್ಪನನ್ನು ಮಾತ್ರ ಬಿಟ್ಟುಕೊಡಲಾರಳು. ಅಲ್ಲಿಗೆ ಹೋದರೆ ಅಪ್ಪ ಪೂರ್ತಿ ಅಕ್ಕನವರಾಗಿಬಿಡುತ್ತಾರೆ. ಆಗ ಪುಟ್ಟಿ ಎಂಬುದು ಎಂದೋ ತೊಟ್ಟಿಲಲ್ಲಿ ಮಲಗಿಬಿಟ್ಟ ಒಂದು ಕೂಸು, ಅಷ್ಟೇ.

"ಇವತ್ತು ಹೋಟೆಲ್ ಜಾಗ ತೋರಿಸ್ಕೊಂಡು ಬರೋಣ ನಡೀರಿ" ಎಂದಳು ಅಕ್ಕ. ಬೇಡವೆನ್ನಲು ಪುಟ್ಟಿಗೆ ಹತ್ತು ಕಾರಣ ಹೊಳೆದವು. ಆದರೆ ಅಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಹೋಟೆಲಿದ್ದ ಜಾಗದಲ್ಲಿ ಈಗ ಬಾತ್‌ರೂಮ್ ಸಾಮಾನಿನ ಅಂಗಡಿ. ಗಾಜಿನ ಬಾಗಿಲು, ಕಣ್ಣು ಕುಕ್ಕುವ ಬೆಳಕು, ಗೋಡೆಯ ತುಂಬ ನೀರಿಲ್ಲದ ನಲ್ಲಿಗಳು. ಟೈ ಕಟ್ಟಿದ ಸೇಲ್ಸ್‌ಮನ್ ಓಡಿಬಂದ.

"ಬನ್ನಿ ಮೇಡಂ. ಪೂರ್ತಿ ಬಾತ್‌ರೂಮ್ ಮಾಡಿಸ್ತೀರಾ, ಇಲ್ಲಾ ಬರೀ ನಲ್ಲಿನಾ?"

"ಕಾಫಿ ಕುಡಿಯೋಕೆ ಬಂದ್ವಪ್ಪ" ಎಂದಳು ಅಕ್ಕ. ಅವನು ಕಕ್ಕಾಬಿಕ್ಕಿಯಾದದ್ದು ನೋಡಿ ನಕ್ಕು, ವಿಷಯ ತಿಳಿಸಿದಳು. ಆಮೇಲೆ ಬಾಗಿಲಿನಿಂದ ಹೆಜ್ಜೆ ಅಳೆಯುತ್ತ ನಡೆದಳು. "ಇಲ್ಲಿ ಕಾಲೇಜ್ ಹುಡುಗರ ಟೇಬಲ್. ಇಲ್ಲಿ ಗಲ್ಲಾ. ನನ್ನ ಸ್ಟೂಲು ಸರಿಯಾಗಿ..." ಎಂದು ಬೆರಳು ತೋರಿಸಿ ನಿಂತಳು. ಅಲ್ಲೊಂದು ಹೊಳೆಯುವ ಕಮೋಡ್ ಇತ್ತು.

"ಅದು ಟಾಪ್ ಮಾಡೆಲ್ ಮೇಡಂ" ಎಂದ ಸೇಲ್ಸ್‌ಮನ್. "ಒಳ್ಳೆ ಜಾಗ ಅಂತಾನೇ ಅಲ್ಲಿ ಇಟ್ಟಿದೀವಿ."

ಪುಟ್ಟಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮರುಗಳಿಗೆ ನಾಚಿಕೆಯೂ ಆಯಿತು. ಅಕ್ಕ ನಗಲು ನೋಡಿದಳು, ಬಾಯಿ ಯಾಕೋ ಸೊಟ್ಟಗಾಯಿತು. ಮುಖ ತಿರುಗಿಸಿಕೊಂಡು ಸೇಲ್ಸ್‌ಮನ್ನಿಗೆ ಕಿಟಕಿ ಎಲ್ಲಿತ್ತು, ಬೋರ್ಡು ಎಲ್ಲಿತ್ತು ಎಂದು ಜೋರಾಗಿ ಹೇಳತೊಡಗಿದಳು.

ಅಪ್ಪ ಒಬ್ಬರೇ ಹಿಂದಕ್ಕೆ, ಮೊದಲು ಅಡುಗೆಮನೆ ಇದ್ದ ಕಡೆಗೆ ನಡೆದಿದ್ದರು. ಪುಟ್ಟಿ ಹಿಂದೆಯೇ ಓಡಿದಳು. ಅವರು ದೊಡ್ಡದೊಂದು ಬಿಳಿ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತು, ಅವಳನ್ನು ಹತ್ತಿರ ಕರೆದು, ಆಚೀಚೆ ನೋಡಿದರು.

"ರಾಣಿ, ಒಂದು ಮಾತು ಹೇಳ್ತೀನಿ. ಅಳಬಾರದು."

ನಾನು ರಾಣಿಯಲ್ಲ ಎಂಬ ಮಾತು ಪುಟ್ಟಿಯ ನಾಲಿಗೆಯ ತುದಿಗೆ ಬಂತು. ಅಪ್ಪನ ಮುಖ ನೋಡಿ ಅದನ್ನು ನುಂಗಿಕೊಂಡಳು. "ಹೇಳಿ ಅಪ್ಪ."

"ಹೋಟೆಲ್ ಮುಚ್ಚಿಬಿಡ್ತೀನಿ ಮರಿ."

"ಯಾಕೆ? ಬಾಡಿಗೆ ಜಾಸ್ತಿ ಮಾಡಿದ್ರಾ?"

"ಅಯ್ಯೋ, ಎಲ್ಲಿ ಬಾಡಿಗೆ? ಅವರು ಇನ್ನೂ ಇರಿ ಇರಿ ಅಂತಿದಾರೆ. ಊರೋರಿಗೆ ಹಾಗಂತ ಹೇಳೋಣ." ಅಪ್ಪ ಧ್ವನಿ ತಗ್ಗಿಸಿದರು. "ನಿನ್ನೆ ಪುಟ್ಟೀನ ಎತ್ಕೊಂಡೆ. ಯಾರೋ ಬೇರೆಯೋರು ಅಂತ ಕಿರುಚಿ ಕಿರುಚಿ ಅತ್ತುಬಿಡ್ತು. ಅದು ಏಳೋಕೆ ಮುಂಚೆ ಇಲ್ಲಿಗೆ ಬರ್ತೀನಿ, ಮಲಗಿದ ಮೇಲೆ ಮನೆಗೆ ಹೋಗ್ತೀನಿ. ಅದಕ್ಕೆ ನಾನು ಯಾರು ಅಂತ ಹೇಗೆ ಗೊತ್ತಾಗ್ಬೇಕು, ಹೇಳು?"

ಪುಟ್ಟಿ ತೊಟ್ಟಿಯ ಅಂಚಿನ ಮೇಲೆ ಅಪ್ಪನ ಪಕ್ಕ ಕೂತಳು.

"ನಿನಗೂ ಹಾಗೇ ಮಾಡ್ದೆ. ಅಪ್ಪ ಬೇಕು ಅಂದ್ರೆ ನೀನೇ ಇಲ್ಲಿಗೆ ಓಡಿ ಬರ್ಬೇಕಾಗಿತ್ತು. ಸ್ಟೂಲ್ ಮೇಲೆ ಕೂತಲ್ಲೇ ನಿದ್ದೆ ಹೋಗ್ತಿದ್ದೆ ನೀನು. ಜನ ಮುದ್ದು ಮಾಡಿ ರಾಣಿ ರಾಣಿ ಅನ್ನೋರು, ನಂಗೆ ಕರುಳು ಹಿಂಡೋದು. ಈ ಕೂಸಿಗಾದ್ರೂ ಮನೇಲಿ ಇರ್ತೀನಿ. ಗೋದಾಮಲ್ಲಿ ಕೆಲ್ಸ ಕೇಳಿದೀನಿ, ಸಂಜೆಗೆಲ್ಲ ಬಿಡ್ತಾರಂತೆ." ಅವಳ ಕೈ ಹಿಡಿದುಕೊಂಡರು. "ನಿನ್ನ ಹೋಟೆಲ್ ಕಿತ್ಕೊಂಡು ಅವಳಿಗೆ ಕೊಟ್ಟೆ ಅಂತ ಅಪ್ಪನ ಮೇಲೆ ಕೋಪ ಮಾಡ್ಕೊಳ್ತೀಯಾ?"

ಆಚೆ ಅಕ್ಕನ ದನಿ ಕೇಳುತ್ತಿತ್ತು: "ಇಡೀ ಬೀದೀಲಿ ನಮ್ಮಪ್ಪನಂಥೋರು ಯಾರೂ ಇರ್ಲಿಲ್ಲ ಗೊತ್ತಾ..."

"ಇಲ್ಲ ಅಪ್ಪ" ಎಂದಳು ಪುಟ್ಟಿ. ಇನ್ನೊಮ್ಮೆ ಹೇಳಿದಳು. "ರಾಣಿಗೆ ಕೋಪ ಇಲ್ಲ."

ಅಪ್ಪ ಉಸಿರು ಬಿಟ್ಟು, ಅವಳ ಕೈಯನ್ನು ಎರಡು ಸಲ ತಟ್ಟಿದರು.

ಅಕ್ಕ ಬಂದಳು. ಮೂಗು ಕೆಂಪಗಾಗಿತ್ತು. "ಏನೇ, ಏನೋ ಗುಟ್ಟು ಮಾತಾಡ್ತಿದ್ರು? ಹೋಟೆಲ್ ವಿಷಯಾನಾ? ಏನಂದ್ರು?"

ಪುಟ್ಟಿ ಅಕ್ಕನ ಮುಖವನ್ನು ನೋಡಿದಳು. ಇಷ್ಟು ವರ್ಷ ಕಾದಿದ್ದ ಗಳಿಗೆ ಕಾಲ ಬಳಿ ಬಂದು ಬಿದ್ದಿತ್ತು. ಒಂದೇ ಒಂದು ವಾಕ್ಯ ಸಾಕಾಗಿತ್ತು.

"ಏನಿಲ್ಲ. ಕಾಲು ನೋಯ್ತಿದೆಯಂತೆ" ಎಂದಳು.

ಬಸ್ಸಿನಲ್ಲಿ ಎರಡೇ ಸೀಟು ಸಿಕ್ಕವು. ಅಪ್ಪ ಕೂತ ಕೂಡಲೇ ಅಕ್ಕನ ಹೆಗಲಿಗೊರಗಿ ಕಣ್ಣು ಮುಚ್ಚಿದರು. "ನೀನು ಕೂತ್ಕೋ ಬಾರೆ, ರಾತ್ರಿಯೆಲ್ಲ ನಿದ್ದೆ ಇಲ್ಲ ನಿಂಗೆ" ಎಂದು ಅಕ್ಕ ಏಳಲು ನೋಡಿದಳು.

"ಎದ್ರೆ ಅವರಿಗೆ ಎಚ್ಚರ ಆಗುತ್ತೆ. ನೀನೇ ಕೂತ್ಕೋ."

ಮನೆಯಲ್ಲಿ ಗಂಡ ಕೇಳಿಯೇ ಕೇಳುತ್ತಾನೆ. ಅವನಿಗೂ ಹೇಳುವುದು ಬೇಡ, ಯಾರಿಗೂ ಬೇಡ ಎಂದುಕೊಂಡಳು ಪುಟ್ಟಿ. ಬಸ್ಸು ತಿರುವಿನಲ್ಲಿ ವಾಲಿತು. ಅಪ್ಪನ ತಲೆ ಜಾರಿತು. ಅಕ್ಕ ಅದನ್ನು ಅಂಗೈಯಲ್ಲಿ ಹಿಡಿದು, ಮತ್ತೆ ತನ್ನ ಹೆಗಲ ಮೇಲೆ ಇಟ್ಟುಕೊಂಡು, ಅಲುಗಾಡದೆ ಕೂತಳು.