ಬಳಕೆಯಲ್ಲಿಲ್ಲ

ಸ್ಕ್ಯಾನರ್ ‘ಬಳಕೆಯಲ್ಲಿಲ್ಲ’ ಎಂದದ್ದನ್ನಷ್ಟೇ ಅಳಿಸಿದ್ದ. ಹಾಗಾದರೆ ತಪ್ಪು ಯಾರದು?

ತ್ರಿವಿಕ್ರಮ ಮತ್ತೊಮ್ಮೆ ಪರದೆ ನೋಡಿದ. ರೋಗಿಗಳಿಗೆ ಫೋನ್ ಮಾಡಿ ಮಾತ್ರೆ ನೆನಪಿಸುವ ಸಾಫ್ಟ್‌ವೇರ್ ಅವರ ಕಂಪನಿಯದು. ಅದರ ಕೋಡಿನೊಳಗೆ ವರ್ಷಗಳಿಂದ ಯಾರ್ಯಾರೋ ಇಟ್ಟುಹೋದ ಫ್ಲ್ಯಾಗ್‌ಗಳಿದ್ದವು. ಒಂದೊಂದು ಸೌಲಭ್ಯವನ್ನು ಆನ್, ಆಫ್ ಮಾಡುವ ಸ್ವಿಚ್ಚುಗಳು. ಯಾವುದು ಎಲ್ಲಿ ಬಳಕೆಯಲ್ಲಿದೆ ಎಂದು ತಾನಾಗಿಯೇ ಹುಡುಕುವ ಸ್ಕ್ಯಾನರನ್ನು ಬರೆದವನು ಇವನೇ. ನಿನ್ನೆ ಅದನ್ನು ನಂಬಿ ಸತ್ತ ಸ್ವಿಚ್ಚುಗಳನ್ನೆಲ್ಲ ಕಿತ್ತುಹಾಕಿದ್ದ.

ಒಂದು ಸತ್ತಿರಲಿಲ್ಲ. ಅದರ ಹೆಸರು ಕೋಡಿನಲ್ಲಿ ಎರಡು ತುಂಡಾಗಿತ್ತು. ಪ್ರೋಗ್ರಾಂ ಓಡುವಾಗ ಮಾತ್ರ ಒಂದಾಗುತ್ತಿತ್ತು. ಇಡೀ ಹೆಸರು ಹುಡುಕುವ ಸ್ಕ್ಯಾನರಿಗೆ ಕಾಣಲಿಲ್ಲ.

ಆ ಸ್ವಿಚ್ಚನ್ನು ಬರೆದಿದ್ದವನು ಮುಸ್ತಕೀಮ್. ಪಕ್ಕದ ಕುರ್ಚಿಯವನು. ಹೋದ ವರ್ಷ ಆಯನೂರಿನ ಹತ್ತಿರ ಬೈಕಿನಿಂದ ಬಿದ್ದು ತೀರಿಕೊಂಡಿದ್ದ.

“ಎಷ್ಟು ಜನಕ್ಕೆ ಕಾಲ್ ಹೋಗಿಲ್ಲ?” ಕಂಪನಿಯ ಮಾಲೀಕ ಗುರುಪ್ರಸಾದ್ ಕೇಳಿದರು.

“ಒಬ್ಬರಿಗೆ ಸರ್. ಭದ್ರಾವತಿಲಿ, ಮುಸ್ತಕೀಮ್ ತಾಯಿಗೆ. ತನ್ನ ದನಿಲೇ ರೆಕಾರ್ಡ್ ಮಾಡಿ ಇಟ್ಟಿದ್ದ. ದಿನಾ ಬೆಳಿಗ್ಗೆ ಹೋಗ್ತಿತ್ತು.”

“ಅವನು ಹೋದ್ಮೇಲೂ?”

“ನಿನ್ನೆವರೆಗೂ.”

ಗುರುಪ್ರಸಾದ್ ಸವಳಂಗ ರಸ್ತೆಯ ಕಡೆಗಿನ ಕಿಟಕಿ ಮುಚ್ಚಿದರು. “ಒಂದೇ ನಂಬರ್ ಅಲ್ವೇನ್ರಿ. ಬಿಡಿ.”

ತ್ರಿವಿಕ್ರಮನಿಗೆ ಬಿಡಲಾಗಲಿಲ್ಲ. ತಲೆನೋವೆಂದು ಸುಳ್ಳು ಹೇಳಿ ಶಿವಮೊಗ್ಗದಿಂದ ಭದ್ರಾವತಿಯ ಬಸ್ ಹತ್ತಿದ. ಆ ದನಿ ಹೇಗಿತ್ತೆಂದು ದಾರಿಯುದ್ದಕ್ಕೂ ನೆನೆಯಲು ನೋಡಿದ. ಬರಲಿಲ್ಲ. ಅವನ ಕೀಬೋರ್ಡಿನ ಸದ್ದು ಮಾತ್ರ ನೆನಪಿಗೆ ಬಂತು.

ಮುಸ್ತಕೀಮನ ತಾಯಿ ಜಹಾನಾರಾ ಅವನನ್ನು ಬಾಗಿಲಲ್ಲೇ ಗುರುತಿಸಿದರು. ಮೊದಲು ಚಹಾ ಕೊಟ್ಟರು.

“ಇವತ್ತು ಫೋನ್ ಬರ್ಲಿಲ್ಲ ಅಲ್ವಾ ಅಮ್ಮಾ,” ಎಂದ. “ನನ್ನಿಂದ ತಪ್ಪಾಯ್ತು. ನಾಳೆಯಿಂದ ಮತ್ತೆ ಬರೋ ಹಾಗೆ ಮಾಡ್ತೀನಿ.”

“ನೀನಾ ನಿಲ್ಸಿದ್ದು?”

“ಹೌದು.”

ಅಳುತ್ತಾರೆಂದು ಕಾದ. ಆಕೆ ಸೆರಗು ಸರಿಮಾಡಿಕೊಂಡರು.

“ಬೇಡ ಬೇಟಾ. ದಿನಾ ಬೆಳಗಾದ್ರೆ ಆ ಫೋನಿಗೆ ಹೆದರ್ತಿದ್ದೆ. ಎತ್ತಿದ್ರೆ ಅಳು. ಎತ್ತದೇ ಇದ್ರೆ, ಮಗ ಕರೀತಾ ಇದ್ದಾನೆ, ಹೆಂಗಿರೋದು? ನಿಲ್ಸಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಇವತ್ತು ಸುಮ್ನೆ ಮಲಗಿದ್ದೆ.”

ಅವನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಆ ದನಿ ಬೇಕಾಗಿದ್ದದ್ದು ಆಕೆಗಲ್ಲ, ತನಗೇ ಎಂದು ಈಗ ತಿಳಿಯಿತು.

“ಮನೇಲಿ ನಿನ್ನ ವಿಷಯ ಬಹಳ ಹೇಳ್ತಿದ್ದ,” ಎಂದರು ಜಹಾನಾರಾ. “ಅಲ್ಲಿ ನಿನ್ನ ಹತ್ರ ಏನ್ ಮಾತಾಡ್ತಿದ್ದ? ಒಂದಾದ್ರೂ ಹೇಳು.”

ಅಷ್ಟು ವರ್ಷ ಇಬ್ಬರೂ ಪಕ್ಕಪಕ್ಕದಲ್ಲಿ ಕೂತಿದ್ದರು. ತ್ರಿವಿಕ್ರಮ ನೆನಪಿನಲ್ಲೆಲ್ಲ ಹುಡುಕಿದ.

“ಕೆಲಸದ್ದೇ,” ಎಂದ.

ಆಕೆ ಲೋಟ ಎತ್ತಿಕೊಂಡು ಒಳಗೆ ಹೋದರು.

ನಿಲ್ದಾಣಕ್ಕೆ ಬಂದಾಗ ಶಿವಮೊಗ್ಗದ ಬಸ್ ಗೇಟು ದಾಟುತ್ತಿತ್ತು. ಓಡಬಹುದಿತ್ತು, ಓಡಲಿಲ್ಲ. ಬಸ್ ಹೋದ ಮೇಲೂ ಕಂಬದ ಮೇಲಿನ ಸ್ಪೀಕರ್ ಹೊರಡಲು ಸಿದ್ಧವಿದೆ, ಹೊರಡಲು ಸಿದ್ಧವಿದೆ ಎಂದು ಅದೇ ಬಸ್ಸನ್ನು ಕೂಗುತ್ತಿತ್ತು. ಅವನು ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಬಸ್ ನಿಂತಿದ್ದ ಖಾಲಿ ಜಾಗದ ಮುಂದೆ ಒಬ್ಬನೇ ಸಾಲು ನಿಂತ.