ಎಂಜಮ್ಮನ ಛಾಂಗ್ ಗಡಿಗೆ

ನಾನೊಂದು ಮಣ್ಣಿನ ಗಡಿಗೆ. ಹನೂರಿನ ಕಡೆಯ ಒಂದು ಕುಂಬಾರಗೇರಿಯಲ್ಲಿ ಹುಟ್ಟಿದೆ. ಕುಂಬಾರ ತಿಗರಿ ತಿರುಗಿಸಿ ನನ್ನ ಕತ್ತು ಎತ್ತಿದ. ಅವನ ಹೆಂಡತಿ ಚಿಕ್ಕತಾಯಮ್ಮ ತಟ್ಟಿ ತಟ್ಟಿ ನನ್ನ ಹೊಟ್ಟೆ ಅಗಲ ಮಾಡಿದಳು. ಆವಿಗೆಯಲ್ಲಿ ಬೆಂಕಿಗೆ ತೀರಾ ಹತ್ತಿರದ ಜಾಗ ನನ್ನ ಪಾಲಿಗೆ ಬಂತು. ಹೆಚ್ಚು ಬೆಂದು ಒಂದು ಮಗ್ಗುಲು ಕಪ್ಪಾಯಿತು. ಹಾಗೆ ಬೆಂದ ಗಡಿಗೆಯಲ್ಲಿ ನೀರು ತಣ್ಣಗಾಗುವುದಿಲ್ಲ. ಸಂತೆಯಲ್ಲಿ ಹೆಂಗಸರು ಬೆರಳಿನಿಂದ ನನ್ನನ್ನು ಬಾರಿಸಿ ನೋಡುವರು, ಪಕ್ಕದ ಗಡಿಗೆಯನ್ನು ಎತ್ತಿಕೊಂಡು ಹೋಗುವರು. ಮೂರು ಸಂತೆ ಹೀಗೇ ಕಳೆಯಿತು.

ನಾಲ್ಕನೆಯ ಸಂತೆಯಲ್ಲಿ, ಉದ್ದನೆಯ ಅಂಗಿಯ ಮೇಲೆ ಪಟ್ಟೆಪಟ್ಟೆಯ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಾರಿಸಲಿಲ್ಲ. ನನ್ನ ಬಾಯಿಗೆ ಮೂಗಿಟ್ಟು ಮೂಸಿದಳು. "ಇದು ಒಳ್ಳೇದು. ಒಳಗಿರೋದನ್ನ ತಾನೇ ಕುಡಿಯಲ್ಲ," ಎಂದಳು. ನನ್ನನ್ನು ಯಾರಾದರೂ ಒಳ್ಳೆಯದು ಎಂದದ್ದು ಅದೇ ಮೊದಲು.

ಅವಳ ಹೆಸರು ಯಾಂಗ್‌ಜೋಮ್. ಒಡೆಯರಪಾಳ್ಯದ ಟಿಬೆಟಿನವರ ಕ್ಯಾಂಪಿನಲ್ಲಿ ಅವಳ ಮನೆ. ದೇಶ ಬಿಟ್ಟು ಬಂದು, ಹಿಮಾಲಯದ ರಸ್ತೆಗಳಿಗೆ ವರ್ಷಗಟ್ಟಲೆ ಕಲ್ಲು ಒಡೆದು, ಕೊನೆಗೆ ಈ ಬೆಟ್ಟದಲ್ಲಿ ಹೊಲ ಸಿಕ್ಕಿ ನೆಲೆ ನಿಂತವಳು. ಸುತ್ತಲ ಊರಿನವರಿಗೆ ಆ ಹೆಸರು ನಾಲಿಗೆಗೆ ಹೊರಳಲಿಲ್ಲ. ಎಂಜಮ್ಮ ಎಂದರು. ಅದೇ ನಿಂತಿತು.

ಎಂಜಮ್ಮನ ಗೂಡಿನಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ವಿಭೂತಿಗಟ್ಟಿಯಂಥ ಬಿಳಿ ಬಿಲ್ಲೆಗಳು. ಛಾಂಗ್ ಎಂಬ ಅವರ ಮನೆಯ ಬಿಯರಿಗೆ ಹುದುಗು ಬರಿಸುವುದು ಆ ಬಿಲ್ಲೆಯೇ. ಪ್ರತಿ ವರ್ಷ ಸುಗ್ಗಿಯ ಛಾಂಗ್ ಚೆನ್ನಾಗಿ ಬಂತೆಂದರೆ, ಅದರ ಗಸಿಯನ್ನೂ ಉಳಿದ ಹಳೆಯ ಬಿಲ್ಲೆಗಳನ್ನೂ ಹಿಟ್ಟಿಗೆ ಕಲಸಿ ಹೊಸ ಬಿಲ್ಲೆ ತಟ್ಟುತ್ತಿದ್ದಳು. ಹಳೆಯದನ್ನು ಬೇರೆ ತೆಗೆದಿಡುವ ಪದ್ಧತಿ ಇರಲಿಲ್ಲ. ಅವಳ ತಾಯಿ ತಟ್ಟಿದ ಬಿಲ್ಲೆಯಿಂದ ಹೀಗೆ ವರ್ಷದಿಂದ ವರ್ಷಕ್ಕೆ ದಾಟಿಕೊಂಡು ಬಂದದ್ದು. ಕ್ಯಾಂಪಿನಲ್ಲಿ ಬೇರೆಯವರ ಬಳಿಯೂ ಬಿಲ್ಲೆಗಳಿದ್ದವು. ಅವು ಅವರವರ ಮನೆಯ ರುಚಿ. ಎಂಜಮ್ಮನ ತಾಯಿಯ ಮನೆ ಈಗ ಇರಲಿಲ್ಲ, ರುಚಿ ಮಾತ್ರ ಇತ್ತು. ಅದು ಸಾಯಬಾರದೆಂಬುದೊಂದೇ ಅವಳ ಹಟ.

ಅವಳ ಊರಿನಲ್ಲಿ ಬಾರ್ಲಿಯಿಂದ ಮಾಡುತ್ತಿದ್ದರಂತೆ. ಇಲ್ಲಿ ರಾಗಿ. ರಾಗಿ ಬೇಯಿಸಿ, ಚಾಪೆಯ ಮೇಲೆ ಹರವಿ, ಬೆಚ್ಚಗಿರುವಾಗಲೇ ಬಿಲ್ಲೆಯ ಪುಡಿ ಉದುರಿಸಿ, ನನ್ನೊಳಗೆ ತುಂಬಿ ಕಂಬಳಿ ಹೊದಿಸುವಳು. ಎರಡನೆಯ ದಿನ ನನ್ನ ಹೊಟ್ಟೆಯಲ್ಲಿ ಪಿಸುಮಾತು ಏಳುವುದು. ಎಂಜಮ್ಮ ಕಂಬಳಿ ಸರಿಸಿ ಮೂಗಿಟ್ಟು ನೋಡಿ, ಹೊತ್ತು ಬಂದಾಗ ನೀರು ಎರೆಯುವಳು. ಮೊದಲ ಗುಟುಕಿಗೆ ಬೇಲದ ಹಣ್ಣಿನ ಹುಳಿ. ಹಿಂದೆಯೇ ಬಿಸಿಲಿಗೆ ಕಾದ ಹುಲ್ಲಿನ ವಾಸನೆ. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಮೆಣಸಿನಂಥ ಚುರುಕು. ಸಿಹಿ ಉಳಿಯುತ್ತಿರಲಿಲ್ಲ, ಬಾಯಿ ಒಣಗಿ ಇನ್ನೊಂದು ಗುಟುಕು ಬೇಡುತ್ತಿತ್ತು. ಹೊಲದಲ್ಲಿ ಬೆವರಿದವರಿಗೆ ಅದು ಹೇಳಿ ಮಾಡಿಸಿದ್ದು.

ಹೊಲಕ್ಕೆ ಕುಯ್ಲಿಗೆ ಬರುತ್ತಿದ್ದವಳು ಪಕ್ಕದ ಹಾಡಿಯ ಜಡೆಮಾದಿ. ಮೊದಲ ದಿನ ಎಂಜಮ್ಮ ಬೆರಳು ಅದ್ದಿ ಮೂರು ಹನಿ ಗಾಳಿಗೆ ಚಿಮುಕಿಸಿದ್ದನ್ನು ನೋಡಿ ನಕ್ಕಳು.

"ನಿಮ್ ದೇವ್ರು ಕುಡುಕ್ನಾ ಎಂಜಮ್ಮ? ಮೊದ್ಲು ಅವ್ನಿಗೇ ಎರಚ್ತೀರಲ್ಲ!"

"ಅವನಿಗೆ ಮೂರು ಹನಿ. ನಿನಗೆ ಬಟ್ಟಲು ತುಂಬ. ಯಾರು ಕುಡುಕ?"

ಜಡೆಮಾದಿ ಒಂದು ಗುಟುಕು ಹೀರಿ ಮುಖ ಕಿವುಚಿದಳು. "ಥೂ, ಮಜ್ಜಿಗೆಗೆ ಮೆಣ್ಸು ಅರ್ದು ಹಾಕಿದ್ದೀರಾ?"

ಎಂಜಮ್ಮ ನಗಲಿಲ್ಲ. ತನ್ನ ತಾಯಿಯ ಮನೆಯ ಕಟ್ಟು ಹೇಳಿಕೊಟ್ಟಳು. ಬಟ್ಟಲು ಹಿಡಿದವರು ಒಂದು ಗುಟುಕು ಕುಡಿಯಬೇಕು, ಎರೆಯುವವರು ಮತ್ತೆ ತುಂಬಬೇಕು. ಹೀಗೆ ಮೂರು ಸಲ. ಆಮೇಲೆ ಬಟ್ಟಲು ಬರಿದು ಮಾಡಬೇಕು. "ಎರೆದವರ ಮುಂದೆ ಬಟ್ಟಲಲ್ಲಿರೋದಕ್ಕೆ ಕೊರತೆ ಹೇಳಬಾರದು. ತಿಳೀತಾ?"

"ತಿಳೀತು ಬುಡಿ," ಎಂದಳು ಜಡೆಮಾದಿ. ಮೂರನೆಯ ಗುಟುಕಿಗೆ ಅವಳಿಗೆ ರುಚಿ ಹತ್ತಿತು. ಅಲ್ಲಿಂದ ಮೂವತ್ತು ಸುಗ್ಗಿ ಅವಳು ನನ್ನ ಪಕ್ಕ ಕೂತು ಕುಡಿದಳು. ಕಣ್ಣು ಮುಚ್ಚಿ, "ಈ ವರ್ಸ ಹುಲ್ಲಿನ್ ವಾಸ್ನೆ ಮುಂದೈತೆ, ಹುಳಿ ಹಿಂದೈತೆ," ಎನ್ನುವಷ್ಟು ಬಲ್ಲವಳಾದಳು. ಎಂಜಮ್ಮನ ಗಂಡ ತೀರಿಕೊಂಡ, ಮಗಳು ಡಿಕಿ ಮದುವೆಯಾಗಿ ಮುಂಡಗೋಡಿಗೆ ಹೋದಳು. ಈ ಇಬ್ಬರು ಮಾತ್ರ ಸುಗ್ಗಿ ತಪ್ಪಿಸಲಿಲ್ಲ.

ಆಮೇಲೆ ಒಂದು ವರ್ಷ ಎಂಜಮ್ಮನಿಗೆ ಕೆಟ್ಟ ಜ್ವರ ಬಂತು. ಎದ್ದು ಓಡಾಡುವಂತಾದಾಗ ಸುಗ್ಗಿ ಬಂದಿತ್ತು. ಎಂದಿನಂತೆ ರಾಗಿ ಬೇಯಿಸಿದಳು, ಎಂದಿನಂತೆ ನನಗೆ ಕಂಬಳಿ ಹೊದಿಸಿದಳು. ಎರಡನೆಯ ದಿನ ಮೂಗಿಟ್ಟಳು. ತೆಗೆದು ಮತ್ತೆ ಇಟ್ಟಳು. ಸಂಜೆ ಇನ್ನೊಂದು ಸಲ. ನನ್ನೊಳಗೆ ಪರಿಮಳ ತುಂಬಿ ತುಳುಕುತ್ತಿತ್ತು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ ಎಂದು ಆಗ ತಿಳಿಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಇನ್ನೂ ಹುದುಗು ಬಂದಿಲ್ಲವೆಂದು ಕಾದಳು. ಐದು ದಿನ, ಆರು ದಿನ. ನನ್ನೊಳಗಿನ ರಾಗಿ ಕಹಿಯಾಯಿತು, ಮುಗ್ಗಿತು, ಪಿಸುಮಾತು ನಿಂತಿತು. ಗಡಿಗೆಗೆ ಬಾಯಿ ಇದೆ, ಮಾತಿಲ್ಲ.

ಏಳನೆಯ ದಿನ ಜಡೆಮಾದಿಯನ್ನು ಕರೆದು ಬಟ್ಟಲಿಗೆ ಎರೆದಳು. ತಾನೂ ಒಂದು ಬಟ್ಟಲು ಹಿಡಿದು, ಕುಡಿಯುತ್ತ, ಜಡೆಮಾದಿಯ ಮುಖವನ್ನೇ ನೋಡುತ್ತ ಕೂತಳು. ಮೊದಲ ಗುಟುಕಿಗೇ ಜಡೆಮಾದಿಗೆ ಛಾಂಗ್ ಕೆಟ್ಟಿರುವುದು ತಿಳಿಯಿತು. ಎಂಜಮ್ಮನೂ ಕುಡಿಯುತ್ತಿದ್ದಾಳಲ್ಲ, ಕೆಟ್ಟಿರುವುದು ಅವಳಿಗೂ ಗೊತ್ತು, ನಾಚಿಕೆಯಿಂದ ಸುಮ್ಮನಿದ್ದಾಳೆ ಎಂದುಕೊಂಡಳು. ಕಣ್ಣು ಮುಚ್ಚಿ ಮೂರು ಗುಟುಕೂ ನುಂಗಿದಳು. ಬಟ್ಟಲು ಬರಿದು ಮಾಡಿ ಬಾಯಿ ಒರೆಸಿಕೊಂಡಳು.

"ಎಂದಿನಂಗೇ ಐತೆ ಕನವ್ವ."

ಎಂಜಮ್ಮನ ಮುಖ ಅರಳಿತು. ಮಾರನೆಯ ಬೆಳಿಗ್ಗೆ ಆ ಗಸಿ ತೆಗೆದು, ಚೀಲ ಕೊಡವಿ, ಇದ್ದ ಬಿಲ್ಲೆಗಳನ್ನೆಲ್ಲ ಪುಡಿ ಮಾಡಿ ಕಲಸಿ ಹೊಸ ಬಿಲ್ಲೆ ತಟ್ಟಿ ಹುಲ್ಲಿನಲ್ಲಿ ಮುಚ್ಚಿಟ್ಟಳು.

ವಾರ ಕಳೆದು ಹುಲ್ಲು ಸರಿಸಿದಾಗ ಬಿಲ್ಲೆಗಳ ಮೇಲೆ ಎಂದಿನ ಬಿಳಿ ನವಿರು ಇರಲಿಲ್ಲ. ಹಸಿರುಗಪ್ಪು ಬೂಸ್ಟು ಹಿಡಿದಿತ್ತು. ಜಡೆಮಾದಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಎಂಜಮ್ಮ ಒಂದು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಮುಂದೆ ಹಿಡಿದಳು.

"ಮಾದಿ, ಛಾಂಗ್ ಚೆನ್ನಾಗಿತ್ತು ಅಂದೆ."

ಮೊರ ಕೆಳಗಿಳಿಯಿತು. "ಇಲ್ಲ ಕನವ್ವ. ಕೆಟ್ಟೋಗಿತ್ತು. ಸೀಗೇಕಾಯ್ ನೀರಂಗಿತ್ತು."

"ಯಾಕೆ ಹೇಳ್ಲಿಲ್ಲ?"

"ನೀವೂ ಕುಡುದ್ರಲ್ಲ! ನಿಮ್ಗೆ ಗೊತ್ತಾಗ್ನಿಲ್ವಾ?"

"ನನಗೆ ನಾಲಿಗೆ ಇಲ್ಲ ಮಾದಿ. ಜ್ವರ ಬಂದಾಗಿಂದ ಇಲ್ಲ."

ಜಡೆಮಾದಿ ಅಂಗಳದಲ್ಲೇ ಕೂತುಬಿಟ್ಟಳು. "ಹೇಳ್ಬಾರ್ದಾಗಿತ್ತಾ ನನ್ ತಾಯಿ! ಎರೆದೋರ್ ಮುಂದೆ ಎಂಗೆ ಅನ್ನಾದು ಅಂತ ನಾನು..."

"ಹೌದು," ಎಂದಳು ಎಂಜಮ್ಮ. "ನಾನೇ ಕಲಿಸಿದ್ದು."

ಮಗಳ ಮದುವೆಗೆ ಕೊಟ್ಟಿದ್ದ ಬಿಲ್ಲೆಗಳ ನೆನಪಾಗಿ ಮುಂಡಗೋಡಿಗೆ ಫೋನ್ ಮಾಡಿದರು. ಹುಳ ಬಿದ್ದಿತ್ತು, ಎಂದೋ ಎಸೆದೆ, ಅಂಗಡಿಯಲ್ಲಿ ಈಸ್ಟ್ ಸಿಗುತ್ತದಮ್ಮ, ಕಳಿಸಲೇ ಎಂದಳು ಡಿಕಿ. ಬೇಡ ಎಂದಳು ಎಂಜಮ್ಮ. ಆಮೇಲೆ ಎರಡು ಸುಗ್ಗಿ ಅವಳು ಬದುಕಿದ್ದಳು. ಜಡೆಮಾದಿಯ ಮೇಲೆ ಒಂದು ಮಾತೂ ಆಡಲಿಲ್ಲ. ನನ್ನನ್ನು ಮಾತ್ರ ಬೋರಲು ಹಾಕಿಟ್ಟಳು.

ಅವಳು ಹೋದ ಮೇಲೆ ಡಿಕಿ ಬಂದು ಮನೆ ಖಾಲಿ ಮಾಡಿದಳು. "ಅದು ಸೀದುಹೋಗಿದೆ ಅಕ್ಕ, ಸ್ಟೀಲಿಂದು ತಗೊಳ್ಳಿ," ಎಂದಳು, ಜಡೆಮಾದಿ ನನ್ನತ್ತ ಕೈ ಚಾಚಿದಾಗ. "ಇದೇ ಸಾಕು ಕನವ್ವ," ಎಂದು ಜಡೆಮಾದಿ ನನ್ನನ್ನು ಸೊಂಟಕ್ಕೇರಿಸಿದಳು.

ಈಗ ಅವಳ ಮನೆಯ ಮೂಲೆಯಲ್ಲಿದ್ದೇನೆ. ಕಂಠ ಚಕ್ಕೆ ಎದ್ದಿದೆ. ಪ್ರತಿ ಸುಗ್ಗಿಗೆ ಅವಳು ರಾಗಿ ಬೇಯಿಸಿ, ಬಿಲ್ಲೆ ಇಲ್ಲದೆಯೇ, ನನ್ನೊಳಗೆ ತುಂಬಿ ಗೋಣಿ ಹೊದಿಸುತ್ತಾಳೆ. ಮೂವತ್ತು ವರ್ಷದ ಛಾಂಗಿನದು ಒಂದು ತೊಟ್ಟಾದರೂ ನನ್ನ ಗೋಡೆಯಲ್ಲಿ ಉಳಿದಿರಬಹುದೆಂದು ಅವಳ ಆಸೆ. "ಅಂಬ್ಲಿ ಹಳಸ್ಕಂಡ್ ಕೂತವ್ಳೆ ಮುದ್ಕಿ," ಎಂದು ಸೊಸೆ ಗೊಣಗುತ್ತಾಳೆ. ಉಳಿದಿದೆಯೋ ಇಲ್ಲವೋ ನನಗೂ ತಿಳಿಯದು. ಒಳಗಿರುವುದನ್ನು ನಾನು ಕುಡಿಯುವುದಿಲ್ಲ ಎಂದು ಎಂಜಮ್ಮ ಸಂತೆಯಲ್ಲಿ ಹೊಗಳಿದ್ದು ನಿಜವಾದರೆ, ಉಳಿದಿರಲಾರದು. ಇನ್ನೂ ಸ್ವಲ್ಪ ಕಡಿಮೆ ಬೆಂದಿದ್ದರೆ ಚೆನ್ನಾಗಿತ್ತು ಎನ್ನಿಸುವುದು ಆಗ ಮಾತ್ರ.

ಮೂರನೆಯ ದಿನ ಜಡೆಮಾದಿ ಗೋಣಿ ತೆಗೆದು ಕುಡಿದು ನೋಡುತ್ತಾಳೆ. ಬಾಗಿಲಿಗೆ ಬಂದು, ಕ್ಯಾಂಪಿನ ದಿಕ್ಕಿಗೆ ತಿರುಗಿ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಾಳೆ:

"ಚೆನ್ನಾಗಿಲ್ಲ ಎಂಜಮ್ಮ. ಈ ಸಲಾನೂ ಚೆನ್ನಾಗಿಲ್ಲ."